150 ಎಎಚ್ ಬ್ಯಾಟರಿಗೆ 100 ಎಎಚ್ ಬ್ಯಾಟರಿ ಜೋಡಿಸಬಹುದಾ?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲೂಕಿನ ಹಳ್ಳಿ. ಹೊಲದ ಮನೆಗೆ ಇನ್ನೂ ಲೈನ್ ಬಂದಿಲ್ಲ. 160 ವ್ಯಾಟಿನ ಎರಡು ಸೋಲಾರ್ ಪ್ಲೇಟ್, 20 ಆಂಪ್ಸಿನ ಸಾದಾ ಕಂಟ್ರೋಲರ್, 12 ವೋಲ್ಟಿನ ಇನ್ವರ್ಟರ್, 150 ಎಎಚ್ ಟ್ಯೂಬ್ಯುಲಾರ್ ಬ್ಯಾಟರಿ ಇವೆ. ಬ್ಯಾಟರಿಗೆ ಮೂರೂವರೆ ವರ್ಷ ಆಯಿತು. ರಾತ್ರಿ ಒಂದು ಫ್ಯಾನ್, ಮೂರು ಬಲ್ಬ್, ಸ್ವಲ್ಪ ಹೊತ್ತು ಟಿವಿ. ಮೊದಲು ಬೆಳಗಿನ ತನಕ ಬರುತ್ತಿತ್ತು, ಈಗ ರಾತ್ರಿ 2 ಗಂಟೆಗೇ ಇನ್ವರ್ಟರ್ ಕೂಗಿ ಬಂದ್ ಆಗುತ್ತದೆ. ಗಂಗಾವತಿಯಲ್ಲಿ ಅಂಗಡಿ ಇಟ್ಟಿದ್ದ ನಮ್ಮ ಮಾವ ಅದನ್ನು ಮುಚ್ಚಿದಾಗ ತಮ್ಮ 100 ಎಎಚ್ ಬ್ಯಾಟರಿ ಕೊಟ್ಟಿದ್ದಾರೆ, ಅದಕ್ಕೆ ಒಂದು ವರ್ಷ. ಒಬ್ಬ ಮೇಸ್ತ್ರಿ ಎರಡನ್ನೂ ಸೀರೀಸ್ ಮಾಡಿ 24 ವೋಲ್ಟಿನ ಇನ್ವರ್ಟರ್ ಹಾಕೋಣ ಅಂತಾರೆ. ಇನ್ನೊಬ್ಬರು ಪ್ಯಾರಲಲ್ ಮಾಡಿ ಅಂತಾರೆ. ಬ್ಯಾಟರಿ ಅಂಗಡಿಯವರು ಎರಡೂ ಬೇಡ, ಎರಡೂ ಬ್ಯಾಟರಿ ಹಾಳಾಗುತ್ತವೆ ಅಂತಾರೆ. ಯಾರ ಮಾತು ಕೇಳಬೇಕು?

ಉತ್ತರ: ಸೀರೀಸ್ ಖಂಡಿತ ಬೇಡ. ಪ್ಯಾರಲಲ್ ಆಗುತ್ತದೆ, ಆದರೆ ನಿಮ್ಮ ಹಳೇ ಬ್ಯಾಟರಿ ಇನ್ನೂ ಗಟ್ಟಿ ಇದ್ದರೆ ಮಾತ್ರ. ಅಂಗಡಿಯವರು ಹೇಳಿದ್ದು ಅರ್ಧ ಸರಿ. ಇನ್ನು ನೀವು ಕೇಳದೇ ಇರೋ ಒಂದು ವಿಷಯ ಇದೆ. ರಾತ್ರಿ 2 ಗಂಟೆಗೆ ಬಂದ್ ಆಗೋದಕ್ಕೆ ಬ್ಯಾಟರಿ ಚಿಕ್ಕದಾಗಿದ್ದೇ ಕಾರಣ ಅಂತ ನನಗೆ ಅನಿಸುವುದಿಲ್ಲ. ಅದರ ಲೆಕ್ಕ ಮುಂದೆ ಹಾಕಿ ತೋರಿಸುತ್ತೇನೆ, ಮೊದಲು ನೀವು ಕೇಳಿದ್ದಕ್ಕೆ ಬರೋಣ.

ಸೀರೀಸ್ ಅಂದರೆ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಕಟ್ಟುವುದು. ವೋಲ್ಟೇಜ್ ಕೂಡುತ್ತದೆ, 12ಕ್ಕೆ 12 ಸೇರಿ 24. ಎಎಚ್ (ಆಂಪಿಯರ್ ಅವರ್, ಅಂದರೆ ಎಷ್ಟು ಆಂಪ್ಸ್ ಎಷ್ಟು ತಾಸು ಕೊಡುತ್ತದೆ ಅನ್ನೋ ಅಳತೆ) ಮಾತ್ರ ಕೂಡುವುದಿಲ್ಲ. ಬಹಳ ಜನ ಇಲ್ಲೇ ತಪ್ಪುತ್ತಾರೆ, 150 ಮತ್ತು 100 ಸೇರಿ 250 ಆಯಿತು ಅಂದುಕೊಳ್ಳುತ್ತಾರೆ. ಸೀರೀಸಲ್ಲಿ ಕರೆಂಟ್ ಹೋಗೋಕೆ ಇರೋದು ಒಂದೇ ದಾರಿ. ದೊಡ್ಡ ಬ್ಯಾಟರಿಯಿಂದ ಎಷ್ಟು ಆಂಪ್ಸ್ ಬರುತ್ತದೋ ಅಷ್ಟೇ ಆಂಪ್ಸ್ ಚಿಕ್ಕದರಿಂದಲೂ ಬರಬೇಕು. 10 ಆಂಪ್ಸಿನಂತೆ 8 ತಾಸು ಓಡಿಸಿದಿರಿ ಅನ್ನಿ. ಎರಡರಿಂದಲೂ 80 ಎಎಚ್ ಹೋಯಿತು. ದೊಡ್ಡದರಲ್ಲಿ ಇನ್ನೂ 70 ಇದೆ, ಹೆಚ್ಚುಕಡಿಮೆ ಅರ್ಧ. ಚಿಕ್ಕದರಲ್ಲಿ ಉಳಿದದ್ದು ಬರೀ 20.

ಆಗ ಇನ್ವರ್ಟರ್ ಬಂದ್ ಆಗಬೇಕಲ್ವಾ? ಆಗುವುದಿಲ್ಲ. ಅದು ನೋಡೋದು ಒಟ್ಟು ವೋಲ್ಟೇಜ್ ಮಾತ್ರ. 24 ವೋಲ್ಟಿನ ಇನ್ವರ್ಟರ್ ಸಾಮಾನ್ಯವಾಗಿ 21 ವೋಲ್ಟ್ ಆಸುಪಾಸಿಗೆ ಬಂದಾಗ ಬಂದ್ ಆಗುತ್ತದೆ, ಅಂದರೆ ಒಂದೊಂದು ಬ್ಯಾಟರಿಗೆ 10.5 ಅನ್ನೋ ಲೆಕ್ಕ. ಆದರೆ ಒಂದು 12, ಇನ್ನೊಂದು 9 ಇದ್ದರೂ ಕೂಡಿದರೆ 21 ಆಗುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಿಂಧನೂರು ಕಡೆ ಒಂದು ಕಿರಾಣಿ ಅಂಗಡಿ. ಅಲ್ಲೂ ಹೀಗೇ, ಒಂದು 150, ಒಂದು 100, ಸೀರೀಸ್. "ಕರೆಂಟ್ ಬರ್ತೈತ್ರೀ, ಆದ್ರ ಎರಡು ತಾಸು ನಿಲ್ಲಂಗಿಲ್ಲ" ಅಂತ ಅಂಗಡಿಯ ಅಕ್ಕ ಕರೆಸಿದ್ದರು. ಮಧ್ಯಾಹ್ನದ ಹೊತ್ತು, ಚಾರ್ಜ್ ಆಗುತ್ತಿತ್ತು. ಒಳಗೆ ಕಾಲಿಡುವಾಗಲೇ ಕೊಳೆತ ಮೊಟ್ಟೆಯಂಥ ವಾಸನೆ. ಚಿಕ್ಕ ಬ್ಯಾಟರಿ ಮೇಲೆ ಕೈ ಇಟ್ಟೆ, ಬಿಸಿ ಚಹಾದ ಲೋಟ ಮುಟ್ಟಿದ ಹಾಗೆ ಇತ್ತು. ಪಕ್ಕದ ದೊಡ್ಡದು ತಣ್ಣಗೆ ಕೂತಿತ್ತು. ಮೀಟರ್ ಹಿಡಿದರೆ ಒಟ್ಟು 28.8 ವೋಲ್ಟ್, ಚಾರ್ಜ್ ಹತೋಟಿ ಮಾಡೋ ಕಂಟ್ರೋಲರ್ ಲೆಕ್ಕದಲ್ಲಿ ಎಲ್ಲ ಸರಿ. ಬೇರೆ ಬೇರೆ ಹಿಡಿದೆ. ಚಿಕ್ಕದು 15.6, ದೊಡ್ಡದು 13.2. ಮುಚ್ಚಳ ತೆಗೆದು ನೋಡಿದರೆ ಚಿಕ್ಕದರ ನೀರು ಒಳಗಿನ ಸೀಸದ ಪ್ಲೇಟಿಗಿಂತ ಕೆಳಗೆ ಇಳಿದಿತ್ತು. ಆಮೇಲೆ ಸೋಲಾರ್ ಪ್ಲೇಟಿನ ಸಂಪರ್ಕ ತೆಗೆದು ಫ್ರಿಜ್ ಮತ್ತು ಫ್ಯಾನ್ ಹಾಕಿಸಿ ಕಾದೆವು. ಒಂದು ತಾಸು ಕಳೆಯೋ ಹೊತ್ತಿಗೆ ಚಿಕ್ಕದು 9.3ಕ್ಕೆ ಬಂತು, ದೊಡ್ಡದು 12.1ರಲ್ಲಿತ್ತು. ಇನ್ವರ್ಟರ್ ಇನ್ನೂ ನಡೆಯುತ್ತಲೇ ಇತ್ತು.

ಇಲ್ಲಿ ಆಗಿದ್ದು ಇಷ್ಟು. ಸಂಜೆ ಚಿಕ್ಕದು ಮೊದಲು ಖಾಲಿ ಆಗುತ್ತದೆ, ಖಾಲಿ ಆದ ಮೇಲೂ ದೊಡ್ಡದು ಅದರ ಮೂಲಕ ಕರೆಂಟ್ ತಳ್ಳುತ್ತಲೇ ಇರುತ್ತದೆ, ಕೊನೆಗೆ ಅದರ ಒಂದೆರಡು ಸೆಲ್ (ಬ್ಯಾಟರಿ ಒಳಗಿನ 2 ವೋಲ್ಟಿನ ಖಾನೆ) ಪೂರಾ ಉಲ್ಟಾ ಆಗಿ ಪ್ಲಸ್ ಜಾಗದಲ್ಲಿ ಮೈನಸ್ ಬರುತ್ತದೆ. ಹಗಲು ಅದೇ ಚಿಕ್ಕದು ಮೊದಲು ತುಂಬುತ್ತದೆ. ಒಟ್ಟು 28.8 ಆಗೋ ತನಕ ಕಂಟ್ರೋಲರ್ ನಿಲ್ಲಿಸುವುದಿಲ್ಲ, ಹಾಗಾಗಿ ಚಿಕ್ಕದು ಕುದಿಯುತ್ತದೆ, ದೊಡ್ಡದು ಪೂರ್ತಿ ತುಂಬದೆ ಉಳಿಯುತ್ತದೆ. ತುಂಬದೆ ಉಳಿದ ಬ್ಯಾಟರಿಯ ಪ್ಲೇಟ್ ಮೇಲೆ ಸಲ್ಫೇಟ್ ಅನ್ನೋ ಉಪ್ಪಿನ ಪದರ ಗಟ್ಟಿಯಾಗಿ ಕೂರುತ್ತದೆ. ಒಂದು ಕುದಿದು ಸಾಯುತ್ತದೆ, ಇನ್ನೊಂದು ಹಸಿದು ಸಾಯುತ್ತದೆ. ಎರಡೂ ಹಾಳಾಗುತ್ತವೆ ಅಂತ ನಿಮ್ಮ ಅಂಗಡಿಯವರು ಹೇಳಿದ್ದು ಈ ವಿಷಯಕ್ಕೆ ಪೂರ್ತಿ ನಿಜ.

ಬ್ಯಾಲೆನ್ಸರ್ ಅಂತ ಒಂದು ಚಿಕ್ಕ ಪೆಟ್ಟಿಗೆ ಸಿಗುತ್ತದೆ, ಅದನ್ನು ಹಾಕಿದರೆ ಸರಿಹೋಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಒಂದೇ ಅಳತೆಯ, ಒಂದೇ ದಿನ ತಂದ ಎರಡು ಬ್ಯಾಟರಿಗಳ ನಡುವಿನ ಸಣ್ಣ ವ್ಯತ್ಯಾಸ ಸರಿಮಾಡಲು ಅದು ಒಳ್ಳೇದು. 100ಕ್ಕೂ 150ಕ್ಕೂ ಇರೋ 50 ಎಎಚ್ ಅಂತರ ತುಂಬಲು ಅದರ ಕೈಲಿ ಆಗುವುದಿಲ್ಲ.

ಈಗ ಪ್ಯಾರಲಲ್. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ವೋಲ್ಟೇಜ್ 12ರಲ್ಲೇ ಇರುತ್ತದೆ, ಎಎಚ್ ಕೂಡುತ್ತದೆ. ಒಂದು ದೊಡ್ಡ ತೊಟ್ಟಿ, ಒಂದು ಚಿಕ್ಕ ತೊಟ್ಟಿ ಪಕ್ಕಪಕ್ಕ ಇಟ್ಟು ಬುಡದಲ್ಲಿ ಪೈಪ್ ಹಾಕಿ ಸೇರಿಸಿದ ಹಾಗೆ. ನೀರಿನ ಮಟ್ಟ ಎರಡರಲ್ಲೂ ಒಂದೇ. ದೊಡ್ಡದರಿಂದ ಜಾಸ್ತಿ ಹೋಗುತ್ತದೆ, ಚಿಕ್ಕದರಿಂದ ಕಡಿಮೆ ಹೋಗುತ್ತದೆ, ಖಾಲಿ ಆದಾಗ ಎರಡೂ ಒಟ್ಟಿಗೆ ಖಾಲಿ. 15 ಆಂಪ್ಸ್ ಲೋಡ್ ಇದ್ದರೆ 150ರದ್ದು ಸುಮಾರು 9, 100ರದ್ದು ಸುಮಾರು 6 ಕೊಡುತ್ತದೆ. ಯಾರೂ ಹಂಚಬೇಕಾಗಿಲ್ಲ, ಒಳಗಿನ ತಡೆ ದೊಡ್ಡ ಬ್ಯಾಟರಿಯಲ್ಲಿ ಕಡಿಮೆ ಇರೋದರಿಂದ ತಾನಾಗಿಯೇ ಹಂಚಿಕೆ ಆಗುತ್ತದೆ. ಹಾಗಾಗಿ ಎಎಚ್ ಬೇರೆ ಅನ್ನೋ ಒಂದೇ ಕಾರಣಕ್ಕೆ ಪ್ಯಾರಲಲ್ ಬೇಡ ಅನ್ನಬೇಕಾಗಿಲ್ಲ.

ನಿಜವಾದ ತೊಂದರೆ ವಯಸ್ಸಿನದು. ನಿಮ್ಮದು ಮೂರೂವರೆ ವರ್ಷ ದುಡಿದ ಬ್ಯಾಟರಿ, ಮಾವ ಕೊಟ್ಟಿದ್ದು ಒಂದು ವರ್ಷದ್ದು. ಮೇಲೆ 150 ಅಂತ ಸ್ಟಿಕ್ಕರ್ ಇದೆ ಅಂತ ಒಳಗೂ ಈಗ 150 ಇದೆ ಅಂತ ಹೇಳೋಕೆ ಆಗುವುದಿಲ್ಲ. 12 ವೋಲ್ಟಿನ ಬ್ಯಾಟರಿ ಅಂದರೆ 2 ವೋಲ್ಟಿನ ಆರು ಸೆಲ್. ಹಳೇದರಲ್ಲಿ ಒಂದು ಸೆಲ್ ಒಳಗೇ ಶಾರ್ಟ್ ಆದರೆ ಅದು 10 ವೋಲ್ಟಿನ ಬ್ಯಾಟರಿ ಆಗಿಹೋಗುತ್ತದೆ. ಆಗ ಪಕ್ಕದ ಒಳ್ಳೇ ಬ್ಯಾಟರಿ ರಾತ್ರಿಯಿಡೀ ತನ್ನ ಕರೆಂಟನ್ನು ಅದಕ್ಕೆ ಸುರಿಯುತ್ತಾ ಇರುತ್ತದೆ. ಮನೆಯಲ್ಲಿ ಒಂದು ಬಲ್ಬೂ ಉರಿಯದಿದ್ದರೂ ಬೆಳಗ್ಗೆ ನೋಡಿದರೆ ಎರಡೂ ಖಾಲಿ. ಬುಡದಲ್ಲಿ ತೂತು ಬಿದ್ದ ತೊಟ್ಟಿಗೆ ಒಳ್ಳೇ ತೊಟ್ಟಿ ಸೇರಿಸಿದರೆ ಎರಡರ ನೀರೂ ಅದೇ ತೂತಿನಿಂದ ಹೋಗುತ್ತದೆ ಅಲ್ವಾ, ಹಾಗೇ. ಅದಕ್ಕೇ ಜೋಡಿಸೋ ಮುಂಚೆ ಹಳೇದನ್ನು ಪರೀಕ್ಷೆ ಮಾಡಲೇಬೇಕು. ಇದು ನಿಮ್ಮ ಹೊಲದಲ್ಲೇ ಆಗುತ್ತದೆ, ದೊಡ್ಡ ಯಂತ್ರ ಏನೂ ಬೇಡ.

ಮೊದಲು ಗ್ರಾವಿಟಿ, ಅಂದರೆ ಬ್ಯಾಟರಿ ಒಳಗಿನ ಆಸಿಡ್ ನೀರು ಎಷ್ಟು ಗಟ್ಟಿ ಇದೆ ಅನ್ನೋ ಅಳತೆ. ಅದನ್ನು ಅಳೆಯೋ ಹೈಡ್ರೋಮೀಟರ್ ಬ್ಯಾಟರಿ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ ಆರೂ ಸೆಲ್ಲಿನ ನೀರು ಒಂದೊಂದಾಗಿ ಎಳೆದು, ಒಳಗಿನ ತೇಲುವ ಕಡ್ಡಿ ಎಲ್ಲಿ ನಿಂತಿದೆ ನೋಡಿ ಬರೆದುಕೊಳ್ಳಿ. ನಮ್ಮಲ್ಲಿ ಸಿಗೋ ಟ್ಯೂಬ್ಯುಲಾರ್ ಬ್ಯಾಟರಿಗಳಿಗೆ ಪೂರ್ತಿ ತುಂಬಿದಾಗ 1.240 ಆಸುಪಾಸು ಇರುತ್ತದೆ, ನಿಮ್ಮದಕ್ಕೆ ಎಷ್ಟು ಅಂತ ಸ್ಟಿಕ್ಕರ್ ಮೇಲೋ ವಾರಂಟಿ ಕಾರ್ಡಿನಲ್ಲೋ ಬರೆದಿರುತ್ತದೆ. ಆ ಅಂಕಿಗಿಂತ ಮುಖ್ಯವಾದದ್ದು ಆರೂ ಸೆಲ್ ಒಂದೇ ಸಮ ಇವೆಯಾ ಅನ್ನೋದು. ಐದು ಸೆಲ್ 1.230 ತೋರಿಸಿ ಒಂದು 1.150 ತೋರಿಸಿದರೆ ಆ ಒಂದು ಸೆಲ್ ಕೆಟ್ಟಿದೆ. ಅಂಥ ಬ್ಯಾಟರಿಯನ್ನು ಯಾವುದರ ಜೊತೆಗೂ ಕಟ್ಟಬೇಡಿ. ಇನ್ನೊಂದು ಮಾತು, ನೀರು ಈಗಷ್ಟೇ ಹಾಕಿ ಗ್ರಾವಿಟಿ ನೋಡಬೇಡಿ. ಹಾಕಿದ ನೀರು ಮೇಲೇ ನಿಂತಿರುತ್ತದೆ, ತಪ್ಪು ಅಂಕಿ ಬರುತ್ತದೆ. ಒಂದೆರಡು ದಿನ ಚಾರ್ಜ್ ಆಗಿ ಬೆರೆತ ಮೇಲೆ ನೋಡಿ.

ಆರೂ ಸಮ ಇದ್ದರೆ ಎರಡನೇ ಪರೀಕ್ಷೆ. ಪೂರ್ತಿ ಚಾರ್ಜ್ ಮಾಡಿ ಸಂಜೆ ಎಲ್ಲ ವೈರ್ ಬಿಚ್ಚಿ ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಮಲ್ಟಿಮೀಟರ್ ಹಿಡಿದರೆ 12.5ರಿಂದ 12.7ರ ಒಳಗೆ ಇರಬೇಕು. ಆಮೇಲೆ ಟ್ರ್ಯಾಕ್ಟರಿನ 12 ವೋಲ್ಟಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಎರಡು ತಂದು ನೇರವಾಗಿ ಬ್ಯಾಟರಿಗೆ ಕೊಡಿ, ಎರಡೂ ಸೇರಿ ಸುಮಾರು 9 ಆಂಪ್ಸ್ ಎಳೆಯುತ್ತವೆ. ಸರಿಯಾಗಿ 5 ತಾಸು ಉರಿಯಲಿ. ಬಲ್ಬ್ ಸಿಕ್ಕಾಪಟ್ಟೆ ಕಾಯುತ್ತದೆ, ಹುಲ್ಲು ಚೀಲ ಹತ್ತಿರ ಇಡಬೇಡಿ, ಮಕ್ಕಳನ್ನೂ ದೂರ ಇಡಿ. 5 ತಾಸಿಗೆ 45 ಎಎಚ್ ಹೋಯಿತು. ಬಲ್ಬ್ ತೆಗೆದು ಒಂದು ತಾಸು ಬಿಟ್ಟು ಮತ್ತೆ ಮೀಟರ್ ಹಿಡಿಯಿರಿ. 150 ಎಎಚ್ ನಿಜವಾಗಲೂ ಇದ್ದರೆ 12.3ರ ಹತ್ತಿರ ಇರುತ್ತದೆ. 12.0 ಅಥವಾ ಅದಕ್ಕಿಂತ ಕೆಳಗೆ ಬಂದಿದ್ದರೆ ನಿಮ್ಮ ಬ್ಯಾಟರಿ ಈಗ ಅರ್ಧದಷ್ಟೇ ಉಳಿದಿದೆ ಅಂತ ತಿಳಿಯಿರಿ. 5 ತಾಸು ಆಗೋ ಮುಂಚೆಯೇ ಬಲ್ಬ್ ಉರಿಯುತ್ತಿರುವಾಗ 11ಕ್ಕಿಂತ ಕೆಳಗೆ ಹೋದರೆ ಅಲ್ಲಿಗೇ ನಿಲ್ಲಿಸಿ, ಅದರ ಕಥೆ ಮುಗಿದಿದೆ.

ಸ್ಟಿಕ್ಕರ್ ವಿಷಯ ಬಂತು, ಇದನ್ನೂ ಹೇಳಿಬಿಡುತ್ತೇನೆ. ಎಎಚ್ ಪಕ್ಕದಲ್ಲಿ ಸಿ10 ಅಥವಾ ಸಿ20 ಅಂತ ಚಿಕ್ಕದಾಗಿ ಬರೆದಿರುತ್ತದೆ. 150 ಎಎಚ್ ಸಿ10 ಅಂದರೆ 15 ಆಂಪ್ಸಿನಂತೆ 10 ತಾಸು ಕೊಡುತ್ತದೆ. 150 ಎಎಚ್ ಸಿ20 ಅಂದರೆ 7.5 ಆಂಪ್ಸಿನಂತೆ 20 ತಾಸು. ಎರಡೂ ಗುಣಿಸಿದರೆ 150 ಬರುತ್ತದೆ, ಆದರೆ ಎರಡೂ ಒಂದೇ ಅಲ್ಲ. ಜೋರಾಗಿ ಎಳೆದರೆ ನಿಮ್ಮಂಥ ಲೆಡ್ (ಸೀಸದ) ಬ್ಯಾಟರಿ ಕಡಿಮೆ ಕೊಡುತ್ತದೆ, ನಿಧಾನಕ್ಕೆ ಎಳೆದರೆ ಜಾಸ್ತಿ ಕೊಡುತ್ತದೆ. ಸೋಲಾರ್ ಅಂತಲೇ ಮಾರುವ ಬ್ಯಾಟರಿಗೆ ಸಾಮಾನ್ಯವಾಗಿ ಸಿ10 ಲೆಕ್ಕ, ಮನೆ ಇನ್ವರ್ಟರಿನದಕ್ಕೆ ಸಿ20 ಲೆಕ್ಕ. ಮಾವನ ಅಂಗಡಿಯ ಬ್ಯಾಟರಿ ಬಹುಶಃ ಸಿ20ರದ್ದು, ನೋಡಿ.

ಪರೀಕ್ಷೆಯಲ್ಲಿ ಹಳೇದು ಪಾಸಾದರೆ ಜೋಡಿಸಿ. ಆದರೆ ಅಲ್ಲೇ ಎದುರಿಗೆ ಇಟ್ಟು ಕ್ಲಿಪ್ ಹಾಕಿ ಸೇರಿಸೋದಲ್ಲ. ಒಂದು 12.7, ಇನ್ನೊಂದು 11.9 ಇದ್ದಾಗ ಸೇರಿಸಿದರೆ ಆ ಕ್ಷಣಕ್ಕೆ ಹತ್ತಾರು ಆಂಪ್ಸ್ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ, ಕಿಡಿ ಹಾರುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಅಲ್ಲಿ ಕಿಡಿ ಹಾರಿದರೆ ಬ್ಯಾಟರಿ ಸಿಡಿಯಬಹುದು, ಆಸಿಡ್ ಮುಖಕ್ಕೇ ಬರುತ್ತದೆ. ಅದಕ್ಕೆ ಎರಡನ್ನೂ ಬೇರೆ ಬೇರೆ ಪೂರ್ತಿ ಚಾರ್ಜ್ ಮಾಡಿ, ರಾತ್ರಿ ಬಿಚ್ಚಿ ಇಡಿ, ಬೆಳಗ್ಗೆ ಎರಡರ ನಡುವೆ 0.1 ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇಲ್ಲದಿದ್ದಾಗ ಸೇರಿಸಿ. ಕೈಯಲ್ಲಿ ಉಂಗುರ, ಕಡಗ, ವಾಚ್ ಇದ್ದರೆ ತೆಗೆದಿಡಿ. ಸ್ಪ್ಯಾನರ್ ಹಿಡಿಕೆಗೆ ಇನ್ಸುಲೇಷನ್ ಟೇಪ್ ಸುತ್ತಿ. ಕಂಟ್ರೋಲರಿಗೆ ಯಾವಾಗಲೂ ಮೊದಲು ಬ್ಯಾಟರಿ ಕೊಡಬೇಕು, ಆಮೇಲೆ ಸೋಲಾರ್ ಪ್ಲೇಟ್. ತೆಗೆಯುವಾಗ ಮೊದಲು ಪ್ಲೇಟ್, ಆಮೇಲೆ ಬ್ಯಾಟರಿ.

ವೈರಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಸರಿಯಾದ ಬ್ಯಾಟರಿಗಳು ವೈರಿಂಗಿನಿಂದಲೇ ಹಾಳಾಗಿದ್ದನ್ನು ಬಹಳ ನೋಡಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆ ನಿಮಗೆ ಗೊತ್ತಿದೆ. ಮೇಲ್ಭಾಗದ ಹೊಲಗಳಿಗೆ ನೀರು ತುಂಬಿ ಹರಿಯುತ್ತದೆ, ಮಾನ್ವಿ ರಾಯಚೂರು ಕಡೆ ಕೊನೆ ಭಾಗದ ರೈತರು ನೀರಿಗಾಗಿ ಕಾಯುತ್ತಾರೆ. ಪ್ಯಾರಲಲ್ ಬ್ಯಾಟರಿಯಲ್ಲೂ ಹೀಗೇ ಆಗುತ್ತದೆ. ಇನ್ವರ್ಟರಿನ ಎರಡೂ ವೈರನ್ನು ಹತ್ತಿರದ ಬ್ಯಾಟರಿಗೇ ಕಟ್ಟಿ, ಅಲ್ಲಿಂದ ತುಂಡು ವೈರ್ ಹಾಕಿ ಎರಡನೇದಕ್ಕೆ ಕೊಟ್ಟರೆ, ಮೊದಲನೇದು ಜಾಸ್ತಿ ದುಡಿಯುತ್ತದೆ, ಜಾಸ್ತಿ ಚಾರ್ಜೂ ಆಗುತ್ತದೆ. ಎರಡನೇದು ಕೊನೆ ಭಾಗದ ಹೊಲ. ಇದಕ್ಕೆ ಪರಿಹಾರ ಸುಲಭ. ಇನ್ವರ್ಟರಿನ ಪ್ಲಸ್ ಒಂದು ಬ್ಯಾಟರಿಗೆ ಕಟ್ಟಿ, ಮೈನಸ್ ಇನ್ನೊಂದು ಬ್ಯಾಟರಿಗೆ ಕಟ್ಟಿ. ಆಗ ಯಾವುದರಿಂದ ಹೊರಟರೂ ಕರೆಂಟಿಗೆ ಅಷ್ಟೇ ಉದ್ದದ ದಾರಿ. ಕಂಟ್ರೋಲರಿನ ವೈರೂ ಇದೇ ಎರಡು ಜಾಗಕ್ಕೆ. ನಡುವಿನ ಜೋಡಣೆ ವೈರ್ 16 ಸ್ಕ್ವೇರ್ ಎಂಎಂ ತಾಮ್ರದ್ದಿರಲಿ, ಎರಡೂ ಒಂದೇ ಉದ್ದ ಇರಲಿ, ತುದಿಗೆ ಲಗ್ (ಬೋಲ್ಟ್ ಕೂರೋ ತೂತಿನ ಲೋಹದ ತುದಿ) ಹಾಕಿ ಒತ್ತಿಸಿ. ಬರೀ ತಂತಿ ಸುತ್ತಿ ಬೋಲ್ಟ್ ಬಿಗಿದರೆ ಆರು ತಿಂಗಳಿಗೆ ಹಸಿರು ಪುಡಿ ಕೂರುತ್ತದೆ, ಅಲ್ಲೇ ಕಾಯುತ್ತದೆ.

ಪ್ರತಿ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಒಂದೊಂದು ಫ್ಯೂಸ್ ಹಾಕಿ. ನಿಮ್ಮ ಇನ್ವರ್ಟರ್ 500 ವ್ಯಾಟ್ ಆಸುಪಾಸಿನದಾದರೆ 60 ಆಂಪ್ಸ್ ಸಾಕು. ಎರಡಕ್ಕೂ ಸೇರಿ ಒಂದೇ ಫ್ಯೂಸ್ ಹಾಕಿದರೆ, ಒಂದು ಬ್ಯಾಟರಿ ಒಳಗೆ ಶಾರ್ಟ್ ಆದಾಗ ಇನ್ನೊಂದು ಅದಕ್ಕೆ ಸುರಿಯೋ ಕರೆಂಟನ್ನು ತಡೆಯೋಕೆ ಏನೂ ಇರುವುದಿಲ್ಲ. ದಯವಿಟ್ಟು ಮನೆ ಬೋರ್ಡಿನ ಎಸಿ ಎಂಸಿಬಿ ತಂದು ಇಲ್ಲಿ ಹಾಕಬೇಡಿ. ಡಿಸಿ ಕರೆಂಟ್ ಕತ್ತರಿಸುವಾಗ ಹುಟ್ಟುವ ಕಿಡಿಯನ್ನು ಅದು ಸರಿಯಾಗಿ ಆರಿಸಲಾರದು.

ಎರಡೂ ಬ್ಯಾಟರಿ ಒಂದೇ ಜಾಗದಲ್ಲಿ ಇರಲಿ. ಒಂದು ತಗಡಿನ ಶೆಡ್ಡಿನಲ್ಲಿ, ಒಂದು ಮಣ್ಣಿನ ಮನೆಯೊಳಗೆ ಅಂತ ಇಡಬೇಡಿ. ನಮ್ಮ ಕಡೆ ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟೋದು ಸಾಮಾನ್ಯ, ತಗಡಿನ ಕೆಳಗೆ ಇನ್ನೂ ಜಾಸ್ತಿ. ಕಾದ ಬ್ಯಾಟರಿ ಜಾಸ್ತಿ ಕರೆಂಟ್ ಎಳೆಯುತ್ತದೆ, ಅದರಿಂದ ಇನ್ನೂ ಕಾಯುತ್ತದೆ. 25 ಡಿಗ್ರಿಗೆ 14.4 ವೋಲ್ಟಿನ ತನಕ ಚಾರ್ಜ್ ಮಾಡಬೇಕಾದ ಬ್ಯಾಟರಿಗೆ 40 ಡಿಗ್ರಿಯಲ್ಲಿ ಸುಮಾರು 14.0 ಸಾಕು. ನಿಮ್ಮ ಕಂಟ್ರೋಲರಿಗೆ ಉಷ್ಣಾಂಶ ನೋಡೋ ವೈರ್ ಇದ್ದರೆ ಅದನ್ನು ಬ್ಯಾಟರಿ ಮೈಗೆ ಅಂಟಿಸಿ. ಇಲ್ಲದಿದ್ದರೆ ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ ನೀರು ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಬೋರ್ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಅದು ಪ್ಲೇಟ್ ಕೆಡಿಸುತ್ತದೆ.

ಬೇರೆ ಜಾತಿ ಬ್ಯಾಟರಿ ಸೇರಿಸೋದು ಬೇಡವೇ ಬೇಡ. ಟ್ರ್ಯಾಕ್ಟರ್ ಬ್ಯಾಟರಿಯ ಪ್ಲೇಟ್ ತೆಳು, ಅದನ್ನು ಮಾಡಿರೋದು ಒಂದೆರಡು ಸೆಕೆಂಡ್ ಇಂಜಿನ್ ಎತ್ತಲು, ರಾತ್ರಿಯಿಡೀ ಫ್ಯಾನ್ ತಿರುಗಿಸಲು ಅಲ್ಲ. ನೀರು ಹಾಕದ ಸೀಲ್ಡ್ ಬ್ಯಾಟರಿಗೆ ಚಾರ್ಜ್ ವೋಲ್ಟೇಜ್ ಬೇರೆ. ಲಿಥಿಯಂ ಅಂತೂ ಪೂರ್ತಿ ಬೇರೆ, ಸುಮ್ನೆ ಇದ್ದಾಗಲೇ 13.2, 13.3 ತೋರಿಸುತ್ತದೆ. ಅದನ್ನು ಲೆಡ್ ಬ್ಯಾಟರಿಗೆ ಕಟ್ಟಿದರೆ ಹೊತ್ತಿಲ್ಲದ ಹೊತ್ತಲ್ಲೂ ಅದು ಲೆಡ್ಡಿಗೆ ಕರೆಂಟ್ ತಳ್ಳುತ್ತಾ ಇರುತ್ತದೆ.

ಈಗ ನಾನು ಮೊದಲು ಹೇಳಿದ ಲೆಕ್ಕ. ಇದನ್ನು ನಿಧಾನಕ್ಕೆ ಓದಿ.

ನಿಮ್ಮ ಫ್ಯಾನ್ ಸಾದಾ ಸೀಲಿಂಗ್ ಫ್ಯಾನ್ ಅಂತ ಅಂದುಕೊಂಡಿದ್ದೇನೆ. ಅದು 75 ವ್ಯಾಟ್. ರಾತ್ರಿ 8 ತಾಸು ಓಡಿದರೆ 600 ವ್ಯಾಟ್ ಅವರ್. 9 ವ್ಯಾಟಿನ ಮೂರು ಬಲ್ಬ್ 5 ತಾಸು ಉರಿದರೆ 135. 40 ವ್ಯಾಟಿನ ಟಿವಿ 2 ತಾಸು ಅಂದರೆ 80. ಒಟ್ಟು 815. ಇನ್ವರ್ಟರ್ ತಾನೇ 15 ಪರ್ಸೆಂಟ್ ತಿನ್ನುತ್ತದೆ, ಹಾಗಾಗಿ ಬ್ಯಾಟರಿಯಿಂದ ಹೋಗೋದು ಸುಮಾರು 960. 12ರಿಂದ ಭಾಗಿಸಿದರೆ ದಿನಕ್ಕೆ 80 ಎಎಚ್.

ಇನ್ನು ಬರೋದು ಎಷ್ಟು? 160 ವ್ಯಾಟಿನ ಪ್ಲೇಟ್ ಒಂದಕ್ಕೆ ಪೂರ್ತಿ ಬಿಸಿಲಿನಲ್ಲಿ ಹತ್ತಿರ ಹತ್ತಿರ 9 ಆಂಪ್ಸ್. ಎರಡಕ್ಕೆ 17, 18. ಬೆಳಗಿನ ಎಳೆ ಬಿಸಿಲು, ಸಂಜೆಯದು ಎಲ್ಲ ಕೂಡಿಸಿ ನಮ್ಮ ಕಡೆ ದಿನಕ್ಕೆ ಸುಮಾರು 5 ತಾಸು ಪೂರ್ತಿ ಬಿಸಿಲು ಅಂತ ಲೆಕ್ಕ ಹಿಡಿಯುತ್ತೇವೆ. 85 ಎಎಚ್ ಬರಬೇಕು. ಧೂಳು, ವೈರಿನ ನಷ್ಟ ಎಲ್ಲ ಕಳೆದರೆ 75. ಅದರಲ್ಲೂ ಬ್ಯಾಟರಿಗೆ ಹಾಕಿದ್ದೆಲ್ಲ ವಾಪಸ್ ಸಿಗುವುದಿಲ್ಲ, 65ರಷ್ಟು ಸಿಕ್ಕರೆ ಪುಣ್ಯ.

ಬರೋದು 65, ಹೋಗೋದು 80. ನಿಮ್ಮ ಬ್ಯಾಟರಿ ಬಹಳ ದಿನದಿಂದ ಪೂರ್ತಿ ತುಂಬುತ್ತಲೇ ಇಲ್ಲ. ಅರೆ ಹೊಟ್ಟೆಯಲ್ಲೇ ಇದ್ದು ಇದ್ದು ಅದಕ್ಕೆ ಸಲ್ಫೇಟ್ ಹಿಡಿದಿರಬೇಕು ಅಂತ ನನ್ನ ಊಹೆ. ಈಗ ಇನ್ನೊಂದು ಬ್ಯಾಟರಿ ಸೇರಿಸಿದರೆ ಮೊದಲ ಕೆಲವು ದಿನ ಚೆನ್ನಾಗಿ ಬರುತ್ತದೆ, ಮಾವನ ಮನೆಯಿಂದ ತುಂಬಿಕೊಂಡು ಬಂದದ್ದು ಖರ್ಚಾಗೋ ತನಕ. ಆಮೇಲೆ ಮತ್ತೆ ಅದೇ 2 ಗಂಟೆ. ಚಾರ್ಜ್ ಮಾಡೋ ಕರೆಂಟ್ ಬ್ಯಾಟರಿ ಎಎಚ್‌ನ 10 ಪರ್ಸೆಂಟ್ ಹತ್ತಿರ ಇರಬೇಕು ಅನ್ನೋದು ನಮ್ಮ ಕೆಲಸದಲ್ಲಿ ಹಳೇ ನಿಯಮ. 250 ಎಎಚ್ ಮಾಡಿದರೆ 25 ಆಂಪ್ಸ್ ಬೇಕು, ನಿಮ್ಮಲ್ಲಿ 17 ಇದೆ. ಕಣಜ ದೊಡ್ಡದು ಮಾಡಿದ ಮಾತ್ರಕ್ಕೆ ಬೆಳೆ ಜಾಸ್ತಿ ಬರುವುದಿಲ್ಲ.

ಅದಕ್ಕೆ ನಾನಾದರೆ ಬ್ಯಾಟರಿಗೆ ಕೈ ಹಾಕೋ ಮುಂಚೆ ಫ್ಯಾನ್ ಬದಲಿಸುತ್ತೇನೆ. ಕಡಿಮೆ ಕರೆಂಟ್ ತಿನ್ನೋ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟಿನಲ್ಲಿ ಅದೇ ಗಾಳಿ ಕೊಡುತ್ತದೆ. 8 ತಾಸಿಗೆ 600 ಇದ್ದದ್ದು 240ಕ್ಕೆ ಇಳಿಯುತ್ತದೆ. ಬಲ್ಬ್, ಟಿವಿ ಸೇರಿ 455, ಬ್ಯಾಟರಿಯಿಂದ ಹೋಗೋದು ದಿನಕ್ಕೆ 45 ಎಎಚ್. ಬರೋ 65ರ ಒಳಗೇ ಆಯಿತು. ಬ್ಯಾಟರಿ ದಿನಾ ಪೂರ್ತಿ ತುಂಬುತ್ತದೆ, ಮೋಡದ ದಿನಕ್ಕೂ ಸ್ವಲ್ಪ ಉಳಿಯುತ್ತದೆ. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅನ್ನೋ ಲೆಕ್ಕ ಹಿಡಿದರೂ, ಫ್ಯಾನ್ ಬದಲಿಸಿದ ಮೇಲೆ ಮಾವ ಕೊಟ್ಟ 100 ಎಎಚ್ ಒಂದೇ ನಿಮ್ಮ ಮನೆಗೆ ಸಾಕಾಗುತ್ತದೆ.

ಹಾಗಾದರೆ 150ರದ್ದು ಏನು ಮಾಡೋದು? ಪರೀಕ್ಷೆಯಲ್ಲಿ ಪಾಸಾದರೆ ಮೇಲೆ ಹೇಳಿದ ಹಾಗೆ ಪ್ಯಾರಲಲ್ ಮಾಡಿ, ಆದರೆ 160ರ ಇನ್ನೊಂದು ಪ್ಲೇಟ್ ತನ್ನಿ. ಮೂರು ಪ್ಲೇಟಿಗೆ 20 ಆಂಪ್ಸಿನ ಕಂಟ್ರೋಲರ್ ಸಾಲದು, 30ರದ್ದು ಬೇಕು. ಅಷ್ಟು ದುಡ್ಡು ಈಗ ಇಲ್ಲ ಅಂದರೆ ಇನ್ನೊಂದು ದಾರಿ ಇದೆ, ನನಗೆ ಇದೇ ಇಷ್ಟ. ಎರಡು ಪ್ಲೇಟ್ ಇವೆಯಲ್ಲ, ಒಂದೊಂದು ಬ್ಯಾಟರಿಗೆ ಒಂದೊಂದು ಕೊಟ್ಟುಬಿಡಿ. 10 ಆಂಪ್ಸಿನ ಇನ್ನೊಂದು ಚಿಕ್ಕ ಕಂಟ್ರೋಲರ್ ತಂದರೆ ಸಾಕು. 100ರದ್ದು ಇನ್ವರ್ಟರ್, ಫ್ಯಾನ್, ಟಿವಿಗೆ. ಹಳೇ 150ರದ್ದು 12 ವೋಲ್ಟಿನ ಡಿಸಿ ಬಲ್ಬ್, ಮೊಬೈಲ್ ಚಾರ್ಜ್, ದನದ ಕೊಟ್ಟಿಗೆಯ ದೀಪಕ್ಕೆ, ನೇರವಾಗಿ, ಇನ್ವರ್ಟರ್ ಇಲ್ಲದೆ. ಹಗುರ ಕೆಲಸ ಕೊಟ್ಟರೆ ಅರ್ಧ ಸತ್ತ ಬ್ಯಾಟರಿಯೂ ಇನ್ನೊಂದೆರಡು ವರ್ಷ ದುಡಿಯುತ್ತದೆ. ಒಂದು ಕೆಟ್ಟರೂ ಇನ್ನೊಂದಕ್ಕೆ ಏನೂ ಆಗುವುದಿಲ್ಲ, ರಾತ್ರಿ ಮನೆ ಪೂರ್ತಿ ಕತ್ತಲಾಗುವುದಿಲ್ಲ. ಆದರೆ ಎರಡರ ವೈರಿಂಗ್ ಎಲ್ಲೂ ಬೆರೆಯಬಾರದು, ಮೈನಸ್ ವೈರನ್ನೂ ಬೇರೆಬೇರೆಯಾಗಿಯೇ ಎಳೆಯಿರಿ.

ಹಳೇದು ಪೂರ್ತಿ ಸತ್ತಿದ್ದರೆ ಗುಜರಿಗೆ ಕೊಡಬೇಡಿ, ಆಸಿಡ್ ಹೊಲಕ್ಕೆ ಚೆಲ್ಲಬೇಡಿ. ಮುಂದೆ ಹೊಸ ಬ್ಯಾಟರಿ ತರುವಾಗ ಅಂಗಡಿಯಲ್ಲೇ ವಾಪಸ್ ಕೊಟ್ಟರೆ ಸೀಸದ ತೂಕಕ್ಕೆ ದುಡ್ಡು ಕಳೆದುಕೊಡುತ್ತಾರೆ, ಹಳೇ ಬ್ಯಾಟರಿ ವಾಪಸ್ ತೆಗೆದುಕೊಳ್ಳುವುದು ಬ್ಯಾಟರಿ ಕಂಪನಿಯ ಜವಾಬ್ದಾರಿ ಕೂಡ.

24 ವೋಲ್ಟಿನ ಇನ್ವರ್ಟರ್ ಹಾಕೋಣ ಅಂದ ಮೇಸ್ತ್ರಿಗೂ ಒಂದು ಮಾತು ಹೇಳಿ. 24 ವೋಲ್ಟ್ ಕೆಟ್ಟದ್ದಲ್ಲ. ಮುಂದೆ ಮನೆ ದೊಡ್ಡದಾಗಿ ಮಿಕ್ಸರ್, ಫ್ರಿಜ್ ಬಂದರೆ 24ಕ್ಕೆ ಹೋಗೋದೇ ಸರಿ, ಅದೇ ಕೆಲಸಕ್ಕೆ ಆಂಪ್ಸ್ ಅರ್ಧ ಆಗುತ್ತದೆ, ವೈರ್ ಕಾಯುವುದಿಲ್ಲ. ಆದರೆ ಆಗ ಒಂದೇ ಕಂಪನಿಯ, ಒಂದೇ ಎಎಚ್‌ನ, ಒಂದೇ ತಿಂಗಳಲ್ಲಿ ತಯಾರಾದ ಎರಡು ಹೊಸ ಬ್ಯಾಟರಿ ಒಟ್ಟಿಗೆ ತರಬೇಕು.

ಪರೀಕ್ಷೆಗೆ ಬೇಕಾದ ಸಾಮಾನು ಬಿಟ್ಟು ಸದ್ಯಕ್ಕೆ ಹೊಸದೇನೂ ಕೊಳ್ಳಬೇಡಿ. ಈ ವಾರ ಎರಡೂ ಬ್ಯಾಟರಿಯ ಹನ್ನೆರಡು ಸೆಲ್ಲಿನ ಗ್ರಾವಿಟಿ, ಬೆಳಗಿನ ವೋಲ್ಟೇಜ್, ಬಲ್ಬ್ ಪರೀಕ್ಷೆಯ ಅಂಕಿ ಬರೆದು ಕಳಿಸಿ. ಫ್ಯಾನ್ ಎಷ್ಟು ವ್ಯಾಟ್ ಅಂತ ಅದರ ಮೈಮೇಲೆ ಬರೆದಿರುತ್ತದೆ, ಅದನ್ನೂ ನೋಡಿ ಬರೆಯಿರಿ. 150ರದ್ದನ್ನು ಜೋಡಿಸೋದಾ, ಕೊಟ್ಟಿಗೆಗೆ ಕಳಿಸೋದಾ ಅಂತ ಆಗ ಖಚಿತವಾಗಿ ಹೇಳುತ್ತೇನೆ.